ಮ್ಯಾಗ್ ಸ್ಟಿಯರೇಟ್ ಹಾಕಿ ಟೀಗೆ ಹೋಗಬೇಡಿ

ಇಡ್ಲಿ ತಟ್ಟೆಗೆ ಎಣ್ಣೆ ಸವರಿದರೆ ಇಡ್ಲಿ ಸಲೀಸಾಗಿ ಏಳುತ್ತೆ. ಮಾತ್ರೆ ಒತ್ತುವಾಗ ಆ ಕೆಲಸ ಮೆಗ್ನೀಸಿಯಂ ಸ್ಟಿಯರೇಟ್‌ನದು. ಆದರೆ ಇಲ್ಲಿ ಎಣ್ಣೆ ಸವರುವುದು ತಟ್ಟೆಗಲ್ಲ, ಹಿಟ್ಟಿಗೇ ಬೆರೆಸುತ್ತೇವೆ. ಎಡವಟ್ಟು ಶುರುವಾಗುವುದೇ ಅಲ್ಲಿ. ಪೀಣ್ಯದ ಕಡೆ ಟ್ರೈನಿಂಗ್‌ಗೆ ಬರುವ ಫಾರ್ಮಸಿ ಹುಡುಗರು ಇದನ್ನು ಕೆಡಿಸುವುದನ್ನು ನೋಡಿ ನೋಡಿ ಬರೆಯುತ್ತಿದ್ದೇನೆ.

ಮೊದಲು ತೂಕ. 10 ಕೆ.ಜಿ. ಮಿಶ್ರಣಕ್ಕೆ 0.75% ಅಂದರೆ 75 ಗ್ರಾಂ, ಅಷ್ಟೇ. ಕಣ್ಣಳತೆ ಬೇಡ.

ಆಮೇಲೆ 60 ಮೆಷ್ ಜರಡಿ. ಚೀಲದಿಂದ ಸೀದಾ ಸುರಿಯುವವರಿದ್ದಾರೆ. ಪುಡಿ ಗಂಟು ಕಟ್ಟಿರುತ್ತೆ, ಬೆರೆಯುವುದಿಲ್ಲ.

ಈಗ ಬೆರೆಸುವುದು. ಉಳಿದದ್ದೆಲ್ಲ ಚೆನ್ನಾಗಿ ಬೆರೆತ ಮೇಲೆ, ಕೊನೆಯಲ್ಲಿ ಇದನ್ನು ಹಾಕಿ, ಬ್ಲೆಂಡರ್ 2–3 ನಿಮಿಷ ತಿರುಗಿಸಿ ನಿಲ್ಲಿಸಿ. ಇದು ನೀರಿಗೆ ಸೇರದ, ಜಿಡ್ಡಿನಂಥ ಪುಡಿ. ಜಾಸ್ತಿ ತಿರುಗಿಸಿದಷ್ಟೂ ಪದರ ಪದರವಾಗಿ ಬಿಚ್ಚಿಕೊಂಡು ಒಂದೊಂದು ಕಣಕ್ಕೂ ಮೆತ್ತಿಕೊಳ್ಳುತ್ತೆ. ಆಗ ಕಣ ಕಣಕ್ಕೆ ಹಿಡಿತ ಸಿಗಲ್ಲ, ಮಾತ್ರೆ ಮೆದುವಾಗುತ್ತೆ, ನೀರು ಒಳಗೆ ಹೋಗಲ್ಲ, ಔಷಧಿ ಹೊರಗೆ ಬರೋದೂ ತಡ. ಒಬ್ಬ ಹುಡುಗ ಬ್ಲೆಂಡರ್ ಹಾಕಿ ಟೀಗೆ ಹೋದ, ಬರುವಷ್ಟರಲ್ಲಿ 20 ನಿಮಿಷ. ಆ ಮಾತ್ರೆ ಬೆರಳಲ್ಲೇ ಮುರಿಯುತ್ತಿತ್ತು. ಮಾತ್ರೆಯ ಗಾತ್ರ ತುಂಬಿಸಲು ಹಾಕುವ ಮೈಕ್ರೋಕ್ರಿಸ್ಟಲೈನ್ ಸೆಲ್ಯುಲೋಸ್ ಪುಡಿ ಜಾಸ್ತಿ ಇದ್ದರೆ ಇನ್ನೂ ಹುಷಾರು. ಒತ್ತಿದಾಗ ಅದು ಚಪ್ಪಟೆಯಾಗುತ್ತದೆಯೇ ಹೊರತು ಒಡೆಯಲ್ಲ. ಅದೇ ಕೆಲಸಕ್ಕೆ ಹಾಕುವ ಡೈಕ್ಯಾಲ್ಸಿಯಂ ಫಾಸ್ಫೇಟ್ ಆದರೆ ಪುಡಿಯಾಗಿ ಜಿಡ್ಡಿಲ್ಲದ ಹೊಸ ಮೈ ಬಿಡುತ್ತೆ, ಅಷ್ಟು ಕೆಡುವುದಿಲ್ಲ. ಇನ್ನೊಂದು ಮಾತು, ಚಿಕ್ಕ ಬ್ಲೆಂಡರ್‌ನ 3 ನಿಮಿಷವನ್ನು ಸುಮ್ನೆ ದೊಡ್ಡದಕ್ಕೂ ಹಾಕಬೇಡಿ. ಅಲ್ಲಿ ಪುಡಿಯ ಭಾರಕ್ಕೇ ಉಜ್ಜಾಟ ಜೋರು.

ಮಳೆಗಾಲದಲ್ಲಿ ಪುಡಿ ಪಂಚ್‌ಗೆ (ಮಾತ್ರೆ ಒತ್ತುವ ಉಕ್ಕಿನ ಕಡ್ಡಿ) ಅಂಟಿತು ಅಂತ ಇನ್ನೊಂದಿಷ್ಟು ಸ್ಟಿಯರೇಟ್ ಸುರಿಯುತ್ತಾರಲ್ಲ, ಅದು ನನಗೆ ಆಗಿಬರಲ್ಲ. ಮೊದಲು ಗ್ರ್ಯಾನ್ಯೂಲ್, ಅಂದರೆ ಒತ್ತುವ ಮೊದಲಿನ ಕಾಳುಕಾಳಾದ ಮಿಶ್ರಣ, ಸರಿಯಾಗಿ ಒಣಗಿದೆಯಾ ನೋಡಿ. ಅಗ್ಗಕ್ಕೆ ಸಿಕ್ಕಿತು ಅಂತ ಸಪ್ಲೈಯರ್ ಬದಲಾಯಿಸಿದ್ದೀರಾ? ಹಾಗಿದ್ದರೆ ಮೊದಲು ಸಣ್ಣ ಬ್ಯಾಚ್ ಮಾಡಿ. ಕಣದ ಗಾತ್ರ ಬೇರೆಯಾದರೆ ಅದೇ 75 ಗ್ರಾಂ ಬೇರೆ ಥರ ಕೆಲಸ ಮಾಡುತ್ತೆ.

ಆಸ್ಪಿರಿನ್‌ಗೆ ಮಾತ್ರ ಇದನ್ನು ಹಾಕಲೇಬೇಡಿ, ಆಸ್ಪಿರಿನ್ ಬೇಗ ಕೆಡುತ್ತೆ. ಸ್ಟಿಯರಿಕ್ ಆಸಿಡ್ ಹಾಕಿ.

ಒತ್ತಿದ ಮೇಲೆ ಆರು ಮಾತ್ರೆ ಡಿಸ್‌ಇಂಟಿಗ್ರೇಷನ್ ಯಂತ್ರಕ್ಕೆ ಹಾಕಿ, ಮಾತ್ರೆ ನೀರಲ್ಲಿ ಎಷ್ಟು ಹೊತ್ತಿಗೆ ಒಡೆಯುತ್ತೆ ಅಂತ ನೋಡೋದು ಇದರಲ್ಲೇ. ಕೋಟಿಂಗ್ ಇಲ್ಲದ್ದು 15 ನಿಮಿಷದೊಳಗೆ ಒಡೆಯಬೇಕು. ಒಡೆಯದಿದ್ದರೆ ಮೊದಲು ಬ್ಲೆಂಡರ್ ಎಷ್ಟು ಹೊತ್ತು ತಿರುಗಿತ್ತು ಅಂತ ಕೇಳಿ.