ಮೆತ್ತಗಾದ ಸೇಬಿಂದ ಚಕ್ಕೆ ಲವಂಗದ ಸಾಸ್

ಶ್ರಾವಣ ಶುರುವಾದರೆ ದಾವಣಗೆರೆಯಲ್ಲಿ ಎಲ್ಲಿ ನೋಡಿದರೂ ಸೇಬಿನ ತಳ್ಳುಗಾಡಿ. ಹಿಮಾಚಲ, ಕಾಶ್ಮೀರದ ಹೊಸ ಹಣ್ಣು ಬರುವ ಕಾಲ ಅದು, ರೇಟೂ ಇಳಿದಿರುತ್ತದೆ. ಅದರ ಮೇಲೆ ಹಬ್ಬದ ಫಲತಾಂಬೂಲದ ಸೇಬು ಬೇರೆ. ಬುಟ್ಟಿಯಲ್ಲಿ ಕೂತು ಕೂತು ಮೆತ್ತಗಾಗುತ್ತವೆ, ಕಚ್ಚಿದರೆ ಹಿಟ್ಟು ಹಿಟ್ಟು, ಆಮೇಲೆ ಮನೆಯಲ್ಲಿ ಯಾರೂ ಮುಟ್ಟುವುದಿಲ್ಲ, ಅಲ್ವಾ? ದಯವಿಟ್ಟು ಎಸೆಯಬೇಡಿ. ಸಾಸ್‌ಗೆ ಅಂಥ ಹಣ್ಣೇ ಒಳ್ಳೆಯದು, ಬೇಗ ಬೆಂದು ಕರಗುತ್ತದೆ. ಬೂಸ್ಟು ಹಿಡಿದಿದ್ದು ಮಾತ್ರ ಬೇಡ, ಅದನ್ನು ಕತ್ತರಿಸಿ ಉಳಿದದ್ದು ಬಳಸುವುದೂ ಬೇಡ.

1 ಕೆಜಿ ಸೇಬಿಗೆ ಅರ್ಧ ಲೋಟ ನೀರು, ಬೆರಳುದ್ದ ಚಕ್ಕೆ, 3 ಲವಂಗ, ಅರ್ಧ ಇಂಚು ಜಜ್ಜಿದ ಶುಂಠಿ, ಚಿಟಿಕೆ ಉಪ್ಪು, 1 ನಿಂಬೆಹಣ್ಣು. ಬೆಲ್ಲ ಆಮೇಲೆ ನೋಡೋಣ.

ಹಣ್ಣಿಗೆ ಮೇಣ ಹಚ್ಚಿರುತ್ತಾರೆ, ಉಗುರುಬೆಚ್ಚಗಿನ ನೀರಲ್ಲಿ ಚೆನ್ನಾಗಿ ಉಜ್ಜಿ ತೊಳೆಯಿರಿ. ಸಿಪ್ಪೆ ತೆಗೆದು, ಬೀಜದ ಭಾಗ ಬಿಸಾಕಿ, ಹೋಳು ಮಾಡಿ. ಕೊಯ್ದ ತಕ್ಷಣ ಅರ್ಧ ನಿಂಬೆ ಹಿಂಡಿದರೆ ಕಪ್ಪಾಗುವುದಿಲ್ಲ.

ಮಸಾಲೆ ಪುಡಿ ಹಾಕಬೇಡಿ. ಪುಡಿ ಹಾಕಿದರೆ ಬಣ್ಣ ಕೆಡುತ್ತದೆ, ನಾಲಿಗೆಗೆ ಮರಳು ಮರಳು ಸಿಗುತ್ತದೆ. ಚಕ್ಕೆ, ಲವಂಗ, ಶುಂಠಿ ಮೂರನ್ನೂ ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ ಹಣ್ಣಿನ ಮಧ್ಯೆ ಇಡಿ, ಘಮ ಪೂರ್ತಿ ಬರುತ್ತದೆ, ತೆಗೆಯುವುದೂ ಸುಲಭ. ಲವಂಗ ಜಾಸ್ತಿಯಾದರೆ ಬೇರೆ ಯಾವ ರುಚಿಯೂ ತಿಳಿಯುವುದಿಲ್ಲ, 3 ಸಾಕು.

ದಪ್ಪ ತಳದ ಪಾತ್ರೆಗೆ ಎಲ್ಲ ಹಾಕಿ, ಉಪ್ಪು ಉದುರಿಸಿ, ಮುಚ್ಚಿ, ಸಣ್ಣ ಉರಿಯಲ್ಲಿ 20 ನಿಮಿಷ. ನೀರು ಕಮ್ಮಿ ಅನ್ನಿಸಿದರೂ ತಡೆಯಿರಿ, ಸೇಬೇ ನೀರು ಬಿಡುತ್ತದೆ. ನಡುವೆ ಎರಡು ಮೂರು ಸಲ ಕೈಯಾಡಿಸಿ. ಹೋಳು ಸೌಟಿಗೆ ಒತ್ತಿದರೆ ಒಡೆಯುವ ಹಾಗಾದಾಗ ಗಂಟು ತೆಗೆದು, ಬೇಳೆ ಕಡೆಯುವ ಕಡಗೋಲಿನಿಂದ ಮಸೆಯಿರಿ. ಮಿಕ್ಸಿಯೂ ಆಗುತ್ತದೆ, ಆದರೆ ಪೂರ್ತಿ ಆರಿದ ಮೇಲೆ, ಬಿಸಿಯಲ್ಲಿ ತಿರುಗಿಸಿದರೆ ಹಬೆಗೆ ಮುಚ್ಚಳ ಹಾರುತ್ತದೆ. ನನಗೆ ಕಡಗೋಲಿನದ್ದೇ ಇಷ್ಟ, ಅಲ್ಲಲ್ಲಿ ಸಣ್ಣ ಹೋಳು ಸಿಗಬೇಕು.

ಈಗ ರುಚಿ ನೋಡಿ. ನಮ್ಮಲ್ಲಿ ಜಾಸ್ತಿ ಸಿಗುವ ಕೆಂಪು ಡೆಲಿಶಿಯಸ್ ಸೇಬಿನಲ್ಲಿ ಸಿಹಿಯೇ ಹೆಚ್ಚು, ಹುಳಿ ಕಮ್ಮಿ. ಹಾಗಾಗಿ ಬೆಲ್ಲಕ್ಕಿಂತ ಮೊದಲು ಉಳಿದ ನಿಂಬೆ ಹಿಂಡಿ, ಅದೇ ಸಾಸ್‌ಗೆ ಜೀವ. ಆಮೇಲೂ ಸಿಹಿ ಬೇಕು ಅನ್ನಿಸಿದರೆ 2 ಚಮಚ ಬೆಲ್ಲವನ್ನು ಸ್ವಲ್ಪ ಬಿಸಿನೀರಲ್ಲಿ ಕರಗಿಸಿ, ಕಸ ಸೋಸಿ ಹಾಕಿ, ಮುಚ್ಚಳ ತೆಗೆದು 5 ನಿಮಿಷ ಕುದಿಸಿ. ಗಟ್ಟಿಯಾಗುವಾಗ ಸಿಡಿಯುತ್ತದೆ, ಮಕ್ಕಳನ್ನು ಒಲೆ ಹತ್ತಿರ ಬಿಡಬೇಡಿ. 1 ವರ್ಷದೊಳಗಿನ ಕೂಸಿಗೆ ಕೊಡುವುದಾದರೆ ಬೆಲ್ಲ, ಉಪ್ಪು, ಮಸಾಲೆ ಯಾವುದೂ ಬೇಡ, ಬರೀ ಸೇಬು ಬೇಯಿಸಿ ನುಣ್ಣಗೆ ಮಾಡಿ ಕೊಡಿ.

ಬೆಣ್ಣೆ ದೋಸೆ ಜೊತೆ ಇದು ಹೊಂದುವುದಿಲ್ಲ, ಅದಕ್ಕೆ ಕಾಯಿ ಚಟ್ನಿ, ಆಲೂಗಡ್ಡೆ ಪಲ್ಯವೇ ಸರಿ. ಆದರೆ ಬಿಸಿ ಜೋಳದ ರೊಟ್ಟಿಗೆ ಬೆಣ್ಣೆ ಸವರಿ, ಮೇಲೆ ಒಂದು ಚಮಚ ಈ ಸಾಸ್ ಹಾಕಿ ತಿಂದು ನೋಡಿ! ಚಪಾತಿಗೂ ಚೆನ್ನ, ಗಟ್ಟಿ ಮೊಸರಿಗೂ ಚೆನ್ನ.

ಪೂರ್ತಿ ಆರಿದ ಮೇಲೆ ಒಣಗಿದ ಗಾಜಿನ ಬಾಟಲಿಗೆ ತುಂಬಿ ಫ್ರಿಜ್‌ನಲ್ಲಿಡಿ, ಒಂದು ವಾರ ಇರುತ್ತದೆ. ಒದ್ದೆ ಚಮಚ ಹಾಕಬೇಡಿ. ಜಾಸ್ತಿ ಮಾಡಿದ್ದರೆ ಸಣ್ಣ ಡಬ್ಬಿಗಳಲ್ಲಿ ಮೇಲೆ ಸ್ವಲ್ಪ ಜಾಗ ಬಿಟ್ಟು ಫ್ರೀಜರ್‌ಗೆ ಹಾಕಿ, 2 ತಿಂಗಳು ಏನೂ ಆಗುವುದಿಲ್ಲ.