ಆರ್ಥರ್‌ನನ್ನು ಬದುಕಿಸಿದೆ, ಮೂರನೇ ಪ್ರಯತ್ನಕ್ಕೆ

ಪರ್ಯಾಯ ಇತಿಹಾಸ, ಅಂದರೆ ನಡೆದದ್ದು ಬೇರೆ ಥರ ನಡೆದಿದ್ದರೆ ಅನ್ನುವ ಕತೆ, ಬರೆಯುವ ಗೆಳೆಯರೆಲ್ಲ ನನಗೆ ಒಂದೇ ಮಾತು ಹೇಳಿದ್ದರು. ಇಂಗ್ಲೆಂಡಿನ ಟ್ಯೂಡರ್ ರಾಜಮನೆತನದ ಕತೆಯಿಂದ ಎಂಟನೇ ಹೆನ್ರಿಯನ್ನು ತೆಗೆದರೆ ಏನೂ ಉಳಿಯಲ್ಲ. ಆರು ಮದುವೆ ಇಲ್ಲ, ಪೋಪ್ ಜೊತೆ ಜಗಳ ಇಲ್ಲ. ಪಟ್ಟಕ್ಕೆ ಬರುವ ಮೊದಲೇ ಸತ್ತ ಅವನ ಅಣ್ಣ ಆರ್ಥರ್ ರಾಜನಾದರೆ ಓದುವವರು ಯಾರು? ಆರ್ಥರ್‌ನನ್ನು ರಾಜ ಮಾಡಿದ ನನ್ನ ಪುಸ್ತಕ ಬಂದು ಈಗ ಎಂಟು ತಿಂಗಳಾಯಿತು. ಐನೂರು ಪ್ರತಿಯಲ್ಲಿ ನಲವತ್ತೋ ಐವತ್ತೋ ಉಳಿದಿರಬೇಕು, ಅಷ್ಟೇ. ಅದಕ್ಕೇ ಧೈರ್ಯವಾಗಿ ಬರೆಯುತ್ತಿದ್ದೇನೆ.

ಮೊದಲ ಪುಸ್ತಕ ಮುಳುಗಿತು. 1502ರ ಏಪ್ರಿಲ್ 2ರಂದು ಲಡ್ಲೋ ಕೋಟೆಯಲ್ಲಿ ಸಾಯಬೇಕಾದ ಹದಿನೈದರ ಹುಡುಗ ಅದರಲ್ಲಿ ಚೇತರಿಸಿಕೊಳ್ಳುತ್ತಾನೆ. 1509ರಲ್ಲಿ ತಂದೆ ಏಳನೇ ಹೆನ್ರಿ ತೀರಿಕೊಂಡಾಗ 22ನೇ ವಯಸ್ಸಿಗೆ ಪಟ್ಟ. ಆಮೇಲೆ ಎಲ್ಲವೂ ಸುಖ. ಎಂಟನೇ ಹೆನ್ರಿ ಮುಚ್ಚಿಸಿದ ಮಠಗಳು ಉಳಿಯುತ್ತವೆ, ಸ್ಪೇನ್ ಜೊತೆ ಸ್ನೇಹ. ಕೈಯಿಂದ ಹಾಕಿ ಮುನ್ನೂರು ಪ್ರತಿ ಅಚ್ಚು ಹಾಕಿಸಿದೆ. ಡಿಟಿಪಿ, ಮುಖಪುಟ ಎಲ್ಲ ಸೇರಿ ನಲವತ್ತೈದು ಸಾವಿರದ ಹತ್ತಿರ. ಹೋದದ್ದು ಅರವತ್ತು ಪ್ರತಿ. ಇತಿಹಾಸ ಪಾಠ ಮಾಡುವ ಓದುಗರೊಬ್ಬರು ಎರಡೇ ಸಾಲು ಬರೆದಿದ್ದರು: ಪೋಪನ ಚರ್ಚಿನ ವಿರುದ್ಧ ದನಿ ಎತ್ತಿದ ಜರ್ಮನಿಯ ಲೂಥರ್ 1517ರಲ್ಲಿ ಬಂದೇ ಬರುತ್ತಾನೆ. ಎಂಟನೇ ಹೆನ್ರಿಯ ಮಂತ್ರಿ ಕಾರ್ಡಿನಲ್ ವೂಲ್ಸಿ ತನ್ನ ಕಾಲೇಜು ಕಟ್ಟಲು 1520ರ ದಶಕದಲ್ಲೇ, ಪೋಪನ ಒಪ್ಪಿಗೆ ಪಡೆದು, ಸಣ್ಣ ಮಠಗಳನ್ನು ಮುಚ್ಚಿಸಿದ್ದ. ನನ್ನ ಸುಖದ ಇಂಗ್ಲೆಂಡ್ ಅಲ್ಲಿಗೆ ಬಿತ್ತು.

ಎರಡನೇ ಸಲ ಆರ್ಥರ್‌ನ ತಮ್ಮ ಹೆನ್ರಿಯನ್ನು ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಮಾಡಿದೆ. ತಂದೆಗೆ ಅವನನ್ನು ಚರ್ಚಿಗೆ ಕೊಡುವ ಮನಸ್ಸಿತ್ತು ಅಂತ ಒಂದು ಮಾತಿದೆಯಲ್ಲ, ಅದನ್ನು ನಂಬಿದೆ. ಆದರೆ ಅದು ಹೆನ್ರಿ ಸತ್ತು ಎಷ್ಟೋ ದಶಕ ಆದ ಮೇಲೆ ಬರೆದದ್ದು. ಚರ್ಚಿಗೆ ಕೊಡುವ ಮಗನಿಗೆ ಮೂರು ವರ್ಷಕ್ಕೇ ಯಾರ್ಕಿನ ಡ್ಯೂಕ್ ಪಟ್ಟ, ಡೋವರ್ ಕೋಟೆಯ ಹೊಣೆ ಕೊಡ್ತಾರಾ? ಇನ್ನೂರು ಪುಟ ಹಾಗೇ ಎತ್ತಿಟ್ಟೆ. ನಡುವೆ ಸುಮ್ನೆ ಎಂಟನೇ ಹೆನ್ರಿಯ ಮಗ ಆರನೇ ಎಡ್ವರ್ಡ್‌ನನ್ನೂ ಬದುಕಿಸಿ ನೋಡಿದೆ. ಅವನೂ ಹದಿನೈದಕ್ಕೇ ಸತ್ತವನು, 1553ರಲ್ಲಿ. ಒಂದು ತಿಂಗಳಲ್ಲಿ ಕೈಬಿಟ್ಟೆ. ಅಲ್ಲಿ ಆ ಹುಡುಗ ರಾಜನ ಹೆಸರಲ್ಲಿ ಆಡಳಿತ ನಡೆಸಿದ ನಾರ್ತಂಬರ್ಲೆಂಡಿನ ಡ್ಯೂಕನೇ ಎಲ್ಲ ಪುಟ ತುಂಬಿಕೊಳ್ಳುತ್ತಾನೆ.

ಮೂರನೇ ಸಲ ನನಗೆ ಗೊತ್ತಿರುವ ಕೆಲಸವನ್ನೇ ಮಾಡಿದೆ. ಸಹಕಾರ ಸಂಘದಲ್ಲಿ ಇಪ್ಪತ್ತು ವರ್ಷ ಲೆಕ್ಕ ಬರೆದವನು ನಾನು. ಒಂದು ದಪ್ಪ ಲೆಕ್ಕದ ಪುಸ್ತಕ ತಂದೆ. ವರ್ಷಕ್ಕೆ ಒಂದು ಹಾಳೆ. ಎಡಕ್ಕೆ ನಡೆದದ್ದು, ಬಲಕ್ಕೆ ನನ್ನದು. ಆರ್ಥರ್ ಬದುಕಿದ್ದಕ್ಕೂ ಇದಕ್ಕೂ ಏನು ಸಂಬಂಧ ಅಂತ ಬಲಗಡೆಯ ಪ್ರತಿ ಸಾಲನ್ನೂ ಕೇಳಬೇಕು. ಉತ್ತರ ಇಲ್ಲದಿದ್ದರೆ ಎಡಗಡೆಯದನ್ನೇ ಇಳಿಸಬೇಕು. ಲೂಥರ್ ಹಾಗೇ ಇಳಿದ. ವೂಲ್ಸಿಯೂ ಇಳಿದ. ಆರ್ಥರ್‌ನ ಹೆಂಡತಿ, ಸ್ಪೇನಿನ ರಾಜಕುಮಾರಿ ಕ್ಯಾಥರೀನಳ ವರದಕ್ಷಿಣೆ ಮಾತ್ರ ಬದಲಾಯಿತು. ಒಪ್ಪಿದ್ದು ಎರಡು ಲಕ್ಷ ಕ್ರೌನ್, ಮದುವೆಗೆ ಬಂದದ್ದು ಅರ್ಧ. ಉಳಿದ ಅರ್ಧಕ್ಕೆ ಬೀಗರು ವರ್ಷಗಟ್ಟಲೆ ಕಿತ್ತಾಡಿದರು. ಗಂಡ ಸತ್ತ ಹುಡುಗಿ ಲಂಡನ್ನಿನಲ್ಲಿ ಆಳುಗಳಿಗೆ ಸಂಬಳ ಕೊಡಲೂ ಕಾಸಿಲ್ಲದೆ ಕೂತಳು. ನನ್ನ ಬಲಗಡೆಯಲ್ಲಿ ಆ ಬಾಕಿ ಜಮಾ ಆಯಿತು. ಎರಡೂ ಮನೆಗಳ ಮಾತು ಅಲ್ಲಿಂದ ಬೇರೆ ದಾರಿ ಹಿಡಿಯಿತು.

ಆದರೂ ಕತೆ ಕೂರಲಿಲ್ಲ. ಒಂದು ಸಂಜೆ ಅತ್ತಿಗೆ ಆ ಹಾಳೆ ನೋಡಿದರು. ಹೆರಿಗೆ ವಾರ್ಡಿನಲ್ಲಿ ನರ್ಸ್ ಆಗಿದ್ದವರು. 1503ರ ಸಾಲಿಗೆ ಬೆರಳಿಟ್ಟು, "ಈ ತಾಯಿ ಬಾಣಂತಿಯಾಗಿ ಸತ್ತಳು ಅಂತ ಎರಡೂ ಕಡೆ ಬರೆದಿದೀಯ. ಮಗ ಬದುಕಿದ್ದರೆ ಅವಳು ಆ ವಯಸ್ಸಲ್ಲಿ ಮತ್ತೆ ಯಾಕೆ ಬಸುರಿ ಆಗ್ತಾಳೆ?" ಅಂದರು.

ಆ ರಾತ್ರಿ ನಿದ್ದೆ ಬರಲಿಲ್ಲ. ಆರ್ಥರ್ ಸತ್ತ ಸುದ್ದಿ ಬಂದಾಗ ರಾಣಿ ಎಲಿಜಬೆತ್ ಗಂಡನಿಗೆ ಸಮಾಧಾನ ಹೇಳಿದ್ದು ದಾಖಲೆಯಲ್ಲಿದೆ: ಇನ್ನೂ ಒಬ್ಬ ಮಗ, ಇಬ್ಬರು ಹೆಣ್ಣುಮಕ್ಕಳಿದ್ದಾರೆ, ನಮಗಿನ್ನೂ ವಯಸ್ಸಿದೆ. 1503ರ ಫೆಬ್ರವರಿ 2ರಂದು ಮಗು ಹುಟ್ಟಿತು. 11ಕ್ಕೆ ಆಕೆ ಹೋದಳು. ಅವತ್ತೇ ಅವಳ 37ನೇ ಹುಟ್ಟುಹಬ್ಬ. ಎಷ್ಟು ಸಲ ಓದಿದ್ದೆ! ಮಗನ ಸಾವಿಗೂ ತಾಯಿಯ ಸಾವಿಗೂ ಗಂಟು ಹಾಕಿರಲಿಲ್ಲ.

ತಾಯಿಯನ್ನು ಉಳಿಸಿದ ಮೇಲೆ ಪುಸ್ತಕ ಓಡಿತು. 1509ರಲ್ಲಿ ಈಗ ಒಂದು ತುಂಬಿದ ಮನೆ ಇದೆ. ತಾಯಿ, ರಾಜನಾದ ದೊಡ್ಡ ಮಗ, ಸೊಸೆ, ಮತ್ತೆ ಮಾಡಲು ಕೆಲಸವಿಲ್ಲದ 18ರ ತಮ್ಮ. ಹೆನ್ರಿಯನ್ನು ನಾನು ತೆಗೆಯಲೇ ಇಲ್ಲ. ಮೈದುನನಾಗಿ ಉಳಿಸಿದೆ. ಅಣ್ಣ ಸತ್ತ ಮೇಲೆ ಅತ್ತಿಗೆ ಕ್ಯಾಥರೀನಳನ್ನು ಮದುವೆಯಾಗಲು ಪೋಪನ ಅಪ್ಪಣೆ ತರಿಸಿದ್ದು, 1533ರಲ್ಲಿ ಆ ಮದುವೆ ಸಲ್ಲಲ್ಲ ಅಂತ ತಳ್ಳಿಹಾಕಿದ್ದು, ಎರಡೂ ಈಗ ಇಲ್ಲ. ಆದರೆ ಅಣ್ಣನ ಖಜಾನೆ ನೋಡಿ ಕುದಿಯುವ ತಮ್ಮ ಇದ್ದಾನೆ. ಇಂಥ ಮನೆ ನಮ್ಮ ಓದುಗರಿಗೆ ಗೊತ್ತು ಅಲ್ವಾ? ಬಿರುದುಗಳನ್ನೆಲ್ಲ ಬಿಟ್ಟು ಅತ್ತೆ, ಅತ್ತಿಗೆ, ಮೈದುನ ಅಂತಲೇ ಬರೆದೆ. 1509 ಅಂದರೆ ನಮ್ಮಲ್ಲಿ ಕೃಷ್ಣದೇವರಾಯ ಪಟ್ಟಕ್ಕೆ ಬಂದ ವರ್ಷ. ಅದನ್ನೂ ಒಂದು ಕಡೆ ಹೇಳಿದ್ದರಿಂದ ಕಾಲದ ಅಂದಾಜು ತಟ್ಟನೆ ಸಿಕ್ಕಿತು ಅಂತ ಜಾಸ್ತಿ ಜನ ಬರೆದರು.

ಹಾಗಾದರೆ ಈಸ್ಟ್ ಇಂಡಿಯಾ ಕಂಪನಿ ನಮ್ಮ ಕಡೆ ಬರ್ತಿತ್ತಾ ಅಂತ ಕೇಳುವವರಿದ್ದಾರೆ. ಕಂಪನಿಗೆ 1600ರಲ್ಲಿ ಸನ್ನದು ಕೊಟ್ಟ ಮೊದಲನೇ ಎಲಿಜಬೆತ್ ಇದೇ ಹೆನ್ರಿಯ ಮಗಳು. ಅದಕ್ಕೇ ಒಂದು ಅಧ್ಯಾಯ ಬರೆದೂ ನೋಡಿದೆ. 1502ರಿಂದ 1600ರವರೆಗೆ ಎಳೆದರೆ ನೂಲು ಹರಿಯುತ್ತೆ. ನಲವತ್ತು ವರ್ಷ ದಾಟಬೇಡಿ.

ಆರ್ಥರ್ ಮತ್ತು ಕ್ಯಾಥರೀನಳಿಗೆ ಎಷ್ಟು ಮಕ್ಕಳು, ಅದನ್ನು ಹೇಗೆ ತೀರ್ಮಾನಿಸಿದೆ ಅನ್ನುವುದನ್ನು ಮಾತ್ರ ಈಗ ಹೇಳಲ್ಲ. ಅದಕ್ಕೆ ನನಗೆ ಒಂದು ವರ್ಷ ಹಿಡಿದಿದೆ.

ಮೊದಲ ಅಧ್ಯಾಯ ಹೇಗೆ ಸಿಕ್ಕಿತು ಅಂತ ಹೇಳುತ್ತೇನೆ. ಎಡಗಡೆಯಲ್ಲಿ ಆರ್ಥರ್‌ನ ಹೆಣ ಹೊತ್ತ ಗಾಡಿ 1502ರ ಏಪ್ರಿಲ್ 25ರಂದು ಲಡ್ಲೋ ಬಿಟ್ಟು ಬ್ಯೂಡ್ಲಿ ಎಂಬ ಊರಿನ ದಾರಿ ಹಿಡಿಯಿತು. ಚಳಿ, ಗಾಳಿ, ಮಳೆ. ಕೆಸರಿನಲ್ಲಿ ಹೂತು ಕೆಲವು ಕಡೆ ಎತ್ತು ಹೂಡಿ ಎಳೆಸಬೇಕಾಯಿತು. ಹುಡುಗ ಬದುಕಿದ ಮಾತ್ರಕ್ಕೆ ಮಳೆ ನಿಲ್ಲಲ್ಲ. ಹಾಗಾಗಿ ಬಲಗಡೆಗೂ ಅದೇ ದಿನ, ಅದೇ ಮಳೆ, ಅದೇ ಎತ್ತುಗಳನ್ನು ಇಳಿಸಿದೆ. ಗಾಡಿಯಲ್ಲಿ ಜ್ವರ ಬಿಟ್ಟು ಎದ್ದ ಹುಡುಗ ಕಂಬಳಿ ಹೊದ್ದು ಕೂತಿದ್ದಾನೆ. ಎತ್ತಿನವನನ್ನು ಊರು ಇನ್ನೂ ಎಷ್ಟು ದೂರ ಅಂತ ಕೇಳುತ್ತಾನೆ.