'ಚಯ್' ಅಂದರೆ ಟೀ ಅಲ್ಲ

ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಗೆ ಬಂದು ಆರು ತಿಂಗಳಾದರೂ ನಾನು ಒಂದು ವಿಯೆಟ್ನಾಮಿ ಹೋಟೆಲಿಗೂ ಕಾಲಿಟ್ಟಿರಲಿಲ್ಲ. ಈ ಊರಲ್ಲಿ ಹಾಗಿರೋದು ಸುಲಭ ಅಲ್ಲ. ವಿಯೆಟ್ನಾಮ್ ಬಿಟ್ಟರೆ ಇನ್ಯಾವ ನಗರದಲ್ಲೂ ಇಷ್ಟು ವಿಯೆಟ್ನಾಮಿಗಳಿಲ್ಲ, ಒಂದು ಲಕ್ಷಕ್ಕೂ ಜಾಸ್ತಿ. 1975ರಲ್ಲಿ ಯುದ್ಧ ಮುಗಿದು ಸೈಗಾನ್ ನಗರ ಕಮ್ಯುನಿಸ್ಟರ ಕೈಗೆ ಬಿದ್ದಾಗ ಬಂದವರು, ಆಮೇಲೆ ದೋಣಿ ಹತ್ತಿ ಸಮುದ್ರಕ್ಕೆ ಇಳಿದವರು, ಅವರ ಮಕ್ಕಳು, ಮೊಮ್ಮಕ್ಕಳು. ಸ್ಟೋರಿ ರೋಡ್ ಕಡೆ ಹೋದರೆ ಬೋರ್ಡುಗಳೆಲ್ಲ ಅವರ ಭಾಷೆಯಲ್ಲೇ. ನಾನು ಸಸ್ಯಾಹಾರಿ, ಹೆದರಿ ದೂರ ಇದ್ದೆ.

ಕೊನೆಗೆ ಒಂದು ಶುಕ್ರವಾರ ಆಫೀಸಿನವರು ಎಳೆದುಕೊಂಡು ಹೋದರು. ಹತ್ತು ಟೇಬಲ್ಲಿನ ಪುಟ್ಟ ಜಾಗ. ಯಜಮಾನರು ಅಡುಗೆಮನೆಯಲ್ಲಿ, ಅವರ ಹೆಂಡತಿ ಹೊರಗೆ ಬಡಿಸಲು, ಕಾಲೇಜಿಗೆ ಹೋಗುವ ಕಿರಿಮಗ ಕ್ಯಾಶ್ ಕೌಂಟರಿನಲ್ಲಿ. ಫ್ರಿಜ್ ಪಕ್ಕದ ಕೊನೇ ಟೇಬಲ್ಲಿನಲ್ಲಿ ಮೊಮ್ಮಗಳು ಹೋಮ್‌ವರ್ಕ್ ಹರಡಿಕೊಂಡು ಕೂತಿದ್ದಳು. ನಾನು ದೊಡ್ಡ ಜಾಣನ ಹಾಗೆ 'ನೋ ಮೀಟ್' ಅಂದೆ. ಬಟ್ಟಲಿನ ತುಂಬ ಹಬೆಯಾಡುವ 'ಫ' ಬಂತು, ಅಕ್ಕಿ ಶಾವಿಗೆ ಹಾಕಿದ ಸಾರು. (ಫೋ ಅಲ್ಲ. ಏನೋ ಪ್ರಶ್ನೆ ಕೇಳುವ ಹಾಗೆ ದನಿ ಎಳೆದು 'ಫಾ?' ಅನ್ನಬೇಕು.) ಮಾಂಸದ ತುಂಡು ಒಂದೂ ಇಲ್ಲ. ಚಕ್ಕೆ, ಲವಂಗ, ಚಕ್ರಮೊಗ್ಗಿನ ಘಮ, ಮನೆಯಲ್ಲಿ ಮಸಾಲೆ ಪುಡಿಗೆ ಹುರಿಯುವಾಗ ಬರುತ್ತಲ್ಲ, ಹಾಗೇ. ಎರಡು ಚಮಚ ಕುಡಿದಾದ ಮೇಲೆ ಪಕ್ಕದವನು ಮೆಲ್ಲಗೆ ಹೇಳಿದ, ಆ ಸಾರು ದನದ ಮೂಳೆಯನ್ನು ಗಂಟೆಗಟ್ಟಲೆ ಕುದಿಸಿ ಇಳಿಸಿದ್ದು ಅಂತ. ಅವರದ್ದೇನೂ ತಪ್ಪಿಲ್ಲ. ನಾನು ಮಾಂಸ ಬೇಡ ಅಂದೆ, ಅವರು ಮಾಂಸ ಹಾಕಲಿಲ್ಲ, ಅಷ್ಟೇ ಅಲ್ವಾ.

ದುಡ್ಡು ಕೊಡಲು ಕೌಂಟರಿಗೆ ಹೋದಾಗ (ಬಿಲ್ಲು ಟೇಬಲ್ಲಿಗೆ ಬರುತ್ತೆ ಅಂತ ಇಪ್ಪತ್ತು ನಿಮಿಷ ಸುಮ್ನೆ ಕೂತಿದ್ದೆವು, ಬರಲಿಲ್ಲ) ತುಂಬಿದ ಬಟ್ಟಲು ನೋಡಿ ಆ ಹುಡುಗ ವಿಷಯ ಕೇಳಿದ. "ನೀವು 'ಚಯ್' ಅನ್ನಬೇಕಿತ್ತು" ಅಂದ. ನಮ್ಮ ಚಾಯ್ ಅಲ್ಲ ಇದು. ಬೌದ್ಧರ ಸಸ್ಯಾಹಾರದ ಹೆಸರು. ಚಯ್ ಅಂದರೆ ಮೂಳೆ ಸಾರೂ ಇಲ್ಲ, 'ನುಅಕ್ ಮಾಮ್' ಕೂಡ ಇಲ್ಲ. ಈ ನುಅಕ್ ಮಾಮ್ ಮೀನಿಗೆ ಉಪ್ಪು ಬೆರೆಸಿ ತಿಂಗಳುಗಟ್ಟಲೆ ಇಟ್ಟು ಇಳಿಸುವ ರಸ, ಅವರ ಅಡುಗೆಯಲ್ಲಿ ಉಪ್ಪಿನ ಜಾಗ ಅದರದ್ದೇ, ಹಸಿ ತರಕಾರಿ ಸಲಾಡಿನಲ್ಲೂ ಇರುತ್ತೆ, ಅದ್ದಿಕೊಳ್ಳಲು ಕೊಡುವ ಬಟ್ಟಲಿನಲ್ಲೂ ಇರುತ್ತೆ. ಚಯ್ ಅಂದವರಿಗೆ ಅದರ ಬದಲು ಸೋಯಾ ಸಾಸ್. ಕಟ್ಟುನಿಟ್ಟಿನವರು ಈರುಳ್ಳಿ, ಬೆಳ್ಳುಳ್ಳಿಯನ್ನೂ ಮುಟ್ಟಲ್ಲವಂತೆ. ನಮ್ಮಜ್ಜಿ ಇದ್ದಿದ್ದರೆ ಅಮೆರಿಕದಲ್ಲಿ ಇದೊಂದು ಕಡೆ ಮಾತ್ರ ಊಟಕ್ಕೆ ಒಪ್ಪುತ್ತಿದ್ದರೇನೋ. ಪಾತ್ರೆ ಬೇರೆಯಾ ಅಂತ ಕೇಳದೆ ಇರುತ್ತಿರಲಿಲ್ಲ, ಅದು ಬೇರೆ ಮಾತು.

ಮುಂದಿನ ವಾರ ಒಬ್ಬನೇ ಹೋದೆ, ತಯಾರಾಗಿ. ಹೋಟೆಲಿನಲ್ಲಿ ಬಡಿಸುವವರನ್ನು 'ಎಮ್ ಒಯ್' ಅಂತ ಕರೆಯಬೇಕು ಅಂತ ಯಾವುದೋ ವಿಡಿಯೋ ನೋಡಿ ಕಲಿತಿದ್ದೆ. ಅರವತ್ತರ ಆ ಹೆಂಗಸನ್ನು ಗಟ್ಟಿಯಾಗಿ ಹಾಗೇ ಕರೆದೆ. ಎಮ್ ಅಂದರೆ ತಮ್ಮ ಇಲ್ಲವೇ ತಂಗಿ. ತುಂಬಿದ ಹೋಟೆಲಿನಲ್ಲಿ ನನ್ನ ತಾಯಿ ವಯಸ್ಸಿನವರನ್ನು "ಏ ತಂಗೀ" ಅಂದಿದ್ದೆ! ಹೋಮ್‌ವರ್ಕ್ ಹುಡುಗಿ ಪೆನ್ಸಿಲ್ ಕೆಳಗಿಟ್ಟು ನಕ್ಕಳು. ಅವರು ಬೇಜಾರು ಮಾಡಿಕೊಳ್ಳಲಿಲ್ಲ, ಹತ್ತಿರ ಬಂದು ಎದೆ ಮೇಲೆ ಕೈಯಿಟ್ಟು "ಕೋ" ಅಂದರು. ಕೋ ಅಂದರೆ ಅಪ್ಪನ ತಂಗಿ, ಅಂದರೆ ನಮ್ಮ ಸೋದರತ್ತೆ. ನನ್ನ ಕಡೆ ಬೆರಳು ಮಾಡಿ "ಕಾನ್" ಅಂದರು. ಮಗು ಅಂತ ಅರ್ಥ. ಮೂವತ್ನಾಲ್ಕು ವರ್ಷದ ಮಗು. ಅವತ್ತಿಂದ ಅವರು ನನಗೆ ಅತ್ತೆಯೇ.

ಅತ್ತೆಯ ಕೌಂಟರ್ ಹಿಂದೆ ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರ್ ಇದೆ. ಮೇಲೆ ದೊಡ್ಡದಾಗಿ ಇಂಗ್ಲಿಷ್ ತಾರೀಖು, ಕೆಳಗೆ ಚಿಕ್ಕದಾಗಿ ಚಾಂದ್ರಮಾನದ್ದು. ತಿಂಗಳ ಒಂದನೇ ದಿನ ಮತ್ತು ಹದಿನೈದನೇ ದಿನ, ಹೆಚ್ಚುಕಡಿಮೆ ನಮ್ಮ ಅಮಾವಾಸ್ಯೆ, ಹುಣ್ಣಿಮೆ, ಬಹಳ ಜನ ಚಯ್ ಊಟ ಮಾಡುತ್ತಾರೆ. ಆ ಎರಡು ದಿನ ಇಲ್ಲಿ ಮೂಲಂಗಿ, ಕ್ಯಾರೆಟ್, ಅಣಬೆಯ ಸಾರಿಗೆ ಬೇರೆ ಹಂಡೆ ಒಲೆ ಮೇಲೇರುತ್ತೆ, ಎಳೆ ಹಲಸಿನಕಾಯಿ ಪಲ್ಯ ಇರುತ್ತೆ. ಉಳಿದ ದಿನ ನನಗೆ ಸಿಗೋದು ಎರಡೇ ಐಟಂ. ಈಗ ಪಂಚಾಂಗ ನೋಡಿ ಹೊರಡುತ್ತೇನೆ. ಸಂಕಷ್ಟಿ ಯಾವತ್ತು ಅಂತ ಗೊತ್ತಿರದ ನಾನು!

ಆ ಎರಡು ಐಟಂಗಳಲ್ಲಿ ಒಂದು 'ಬಾನ್ ಸೆಯೋ'. ಅಕ್ಕಿಹಿಟ್ಟಿಗೆ ಅರಿಶಿನ, ತೆಂಗಿನ ಹಾಲು ಹಾಕಿ ತೆಳ್ಳಗೆ ಹೊಯ್ಯುವ ದೋಸೆ ಅಂದುಕೊಳ್ಳಿ, ಹುಳಿ ಬರಿಸುವುದಿಲ್ಲ. ಸೆಯೋ ಅನ್ನೋದು ಹಿಟ್ಟು ಕಾವಲಿಗೆ ಬಿದ್ದಾಗಿನ ಸದ್ದು, ನಮ್ಮ ಚುಂಯ್. ಮಾಮೂಲಿಗೆ ಒಳಗೆ ಹಂದಿ, ಸೀಗಡಿ ಇರುತ್ತೆ. ನನಗೆ ಹೆಸರುಬೇಳೆ, ತೋಫು, ಮೊಳಕೆಕಾಳು. ನಾನು ಫೋರ್ಕ್ ಎತ್ತಿಕೊಂಡಿದ್ದೆ, ಅತ್ತೆ ಬಂದು ಕಿತ್ತುಕೊಂಡರು. ಕೈಯಲ್ಲೇ ದೋಸೆ ಮುರಿದು, ಅಂಗೈಯಷ್ಟು ಲೆಟಿಸ್ ಎಲೆ ಮೇಲಿಟ್ಟು, ಅದರ ಮೇಲೆ ಸೊಪ್ಪು, ವೀಳ್ಯದೆಲೆ ಮಡಿಸುವ ಹಾಗೆ ಸುತ್ತಿ, ಅದ್ದಿ, ಬಾಯಿಗೆ. ಕರುಂ ಅನ್ನೋದು ಎಲೆಯಾ ದೋಸೆಯಾ ಗೊತ್ತಾಗಲ್ಲ. ಸೊಪ್ಪಿನ ತಟ್ಟೆಯಲ್ಲಿ ಕಾಮಕಸ್ತೂರಿಯಂಥ ತುಳಸಿ, ಅಡಿಭಾಗ ನೇರಳೆಯಾಗಿರುವ ಒಂದೆಲೆ, ಕೂದಲಿನಷ್ಟು ಸಣ್ಣಗೆ ಹೆಚ್ಚಿದ ಹಸಿ ಬಾಳೆಹೂ. ಪಲ್ಯ ಮಾಡದೆ ಬಾಳೆಹೂ ತಿನ್ನಬಹುದು ಅಂತ ನನಗೆ ಗೊತ್ತೇ ಇರಲಿಲ್ಲ. ಹೃದಯದ ಆಕಾರದ ಇನ್ನೊಂದು ಎಲೆ ಕಚ್ಚಿದ ತಕ್ಷಣ ಹಸಿ ಮೀನಿನ ವಾಸನೆ. ಗಾಬರಿಯಾಗಿ "ಚಯ್? ಚಯ್?" ಅಂತ ಕೂಗಿದೆ. ಸೊಪ್ಪಿನ ವಾಸನೆಯೇ ಹಾಗಂತೆ. ಈಗಲೂ ಅದನ್ನು ಬದಿಗೆ ಸರಿಸುತ್ತೇನೆ, ಅತ್ತೆ ಗಮನಿಸುತ್ತಾರೆ.

ಕಾಫಿ ಕುಡಿಯದೆ ಏಳೋದಿಲ್ಲ. ಲೋಟದ ತಳದಲ್ಲಿ ಕಂಡೆನ್ಸ್ಡ್ ಮಿಲ್ಕ್, ಮೇಲೆ ಪುಟ್ಟ ಫಿಲ್ಟರ್, 'ಫಿನ್' ಅಂತಾರೆ. ತೊಟ್ಟು ತೊಟ್ಟಾಗಿ ಡಿಕಾಕ್ಷನ್ ಇಳಿಯುತ್ತೆ. ಪುಡಿ ನ್ಯೂ ಆರ್ಲಿಯನ್ಸ್‌ನ ಕೆಫೆ ಡು ಮಾಂಡ್ ಕಂಪನಿಯದು, ಅದಕ್ಕೂ ಚಿಕೋರಿ ಬೆರೆಸಿರುತ್ತಾರೆ. ಹಾಗಾಗಿಯೇ ಮೊದಲ ಗುಟುಕಿಗೆ ಮನೆ ನೆನಪಾಯಿತು. ಬಾಗಿಲ ಪಕ್ಕ ನೆಲದ ಮೇಲೆ ಕೆಂಪು ಮಂಟಪದಲ್ಲಿ ಇಬ್ಬರು ದೇವರು ಕೂತಿದ್ದಾರೆ, ಒಬ್ಬರು ಭೂಮಿಯವರು, ಒಬ್ಬರು ದುಡ್ಡಿನವರು. ಬೆಳಿಗ್ಗೆ ಮೊದಲ ಕಾಫಿ ಅವರಿಗೇ ನೈವೇದ್ಯ.

ಹೋದ ಬೇಸಿಗೆಯಲ್ಲಿ ಅಮ್ಮ ಬಂದಿದ್ದಾಗ ಕರೆದುಕೊಂಡು ಹೋದೆ. ದೇವರನ್ನು ನೆಲದ ಮೇಲೆ ಕೂರಿಸಿದ್ದು ಅಮ್ಮನಿಗೆ ಸರಿಬರಲಿಲ್ಲ. ಬಾನ್ ಸೆಯೋ ಹಿಡಿಸಿತು, "ಚಟ್ನಿ ಇದ್ದಿದ್ರೆ ಇನ್ನೂ ಚೆನ್ನಾಗಿರ್ತಿತ್ತು" ಅಂದರು. ಹೊರಡುವಾಗ ಅತ್ತೆ ಅಮ್ಮನ ಕೈಗೆ ಒಂದು ಫಿನ್ ಇಟ್ಟರು, ಹಳೇದು, ಹಿಡಿ ಸ್ವಲ್ಪ ಸೊಟ್ಟ. ಮೈಸೂರಿಗೆ ಹೋದ ಮೇಲೆ ಅಮ್ಮ ಅದಕ್ಕೆ ನಮ್ಮ ನುಣ್ಣನೆ ಪುಡಿ ಹಾಕಿದ್ದಾರೆ. ತೂತು ದೊಡ್ಡದು, ಪುಡಿಯೆಲ್ಲ ಲೋಟಕ್ಕಿಳಿದಿದೆ. ಫೋನಿನಲ್ಲಿ ಕ್ಯಾಮೆರಾ ಹಿಡಿದು ತೋರಿಸಿದರು, ತಳದಲ್ಲಿ ಅರ್ಧ ಬೆರಳು ಗಸಿ. "ನಿಮ್ಮತ್ತೆಯನ್ನ ಕೇಳು, ಎಷ್ಟು ತರಿಯಾಗಿ ಬೀಸಿಸಬೇಕು ಅಂತ."